ನಂಬಿಕೆ ಮತ್ತು ನಡೆ: ಧಾರವಾಡ ಸೀಮೆಯ ಕ್ರೈಸ್ತ ಕನ್ನಡದಲ್ಲಿ ಕೃಪೆಯ ವಾಗ್ವಾದ

ಕ್ರೈಸ್ತ ಮಿಶನರಿಗಳನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಿಂತುಬಿಟ್ಟಿದೆ. ಒಂದು ಕೃತಜ್ಞತೆಯ ನೆಲೆ. ೧೮೪೩ರ ‘ಮಂಗಳೂರು ಸಮಾಚಾರ’, ಮೋಗ್ಲಿಂಗ್‍ನ ‘ಬಿಬ್ಲಿಯೊಥಿಕಾ ಕರ್ನಾಟಿಕಾ’, ೧೮೯೪ರ ಕಿಟೆಲ್ ನಿಘಂಟು ಇವುಗಳ ಉಪಕಾರವನ್ನು ಅದು ಸ್ಮರಿಸುತ್ತದೆ. ಇನ್ನೊಂದು ಅನುಮಾನದ ನೆಲೆ. ನಿಘಂಟು, ವ್ಯಾಕರಣ, ಶಾಲೆ, ಮುದ್ರಣಾಲಯಗಳೆಲ್ಲ ವಸಾಹತುಶಾಹಿ ಜ್ಞಾನ ನಿರ್ಮಿತಿಯ ಉಪಕರಣಗಳೆಂದು ಅದು ವಾದಿಸುತ್ತದೆ. ಎರಡಕ್ಕೂ ಅವುಗಳದೇ ಆದ ಆಧಾರಗಳಿವೆ. ಆದರೆ ಎರಡೂ ನೆಲೆಗಳು ಒಂದು ವಿಷಯದಲ್ಲಿ ಸಮಾನವಾಗಿ ಮೌನ ವಹಿಸಿವೆ. ಈ ಜನ ಯಾವ ಪ್ರಶ್ನೆಯನ್ನು ಹೊತ್ತು ಸಮುದ್ರ ದಾಟಿ ಬಂದರೋ ಆ ಪ್ರಶ್ನೆಯನ್ನೇ ಅವು ಬದಿಗಿರಿಸಿವೆ. ಮನುಷ್ಯನ ಉದ್ಧಾರ ದೇವರ ಕೃಪೆಯಿಂದಲೋ, ಅವನ ನಂಬಿಕೆಯಿಂದಲೋ, ನಡತೆಯಿಂದಲೋ ಎಂಬುದೇ ಆ ಪ್ರಶ್ನೆ. ಇದನ್ನು ಕೇವಲ ದೇವಶಾಸ್ತ್ರದ ಪಾಠಶಾಲೆಗೆ ಬಿಟ್ಟುಕೊಟ್ಟರೆ ಅವರು ಕಟ್ಟಿದ ಕನ್ನಡವೂ ಅರ್ಥವಾಗದೆ ಉಳಿಯುತ್ತದೆ. ಏಕೆಂದರೆ ಈ ವಾಗ್ವಾದದ ತೀರ್ಪುಗಳು ಕನ್ನಡದಲ್ಲಿ ಪ್ರಬಂಧಗಳಾಗಿ ಅಷ್ಟಾಗಿ ದಾಖಲಾಗಿಲ್ಲ. ಅವು ಪದಗಳ ಆಯ್ಕೆಯಲ್ಲಿ ದಾಖಲಾಗಿವೆ.

ವಾಗ್ವಾದದ ಮೂಲ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಮನುಷ್ಯನು ದೇವರ ಎದುರಿಗೆ ನಿರ್ದೋಷಿಯಾಗಿ ನಿಲ್ಲುವುದು ನಂಬಿಕೆಯಿಂದಲೇ ಹೊರತು ಶಾಸ್ತ್ರವಿಹಿತ ಕಾರ್ಯಗಳಿಂದಲ್ಲವೆಂದು ಪೌಲನು ರೋಮಾಪುರದವರಿಗೆ ಮತ್ತು ಗಲಾತ್ಯದವರಿಗೆ ಬರೆದ ಪತ್ರಗಳಲ್ಲಿ ಪ್ರತಿಪಾದಿಸುತ್ತಾನೆ. ಕಾರ್ಯವಿಲ್ಲದ ನಂಬಿಕೆಗೆ ಜೀವವಿಲ್ಲವೆಂದು ಯಾಕೋಬನ ಪತ್ರ ಹೇಳುತ್ತದೆ. ಇಬ್ಬರೂ ಅಬ್ರಹಾಮನನ್ನೇ ದೃಷ್ಟಾಂತವಾಗಿ ಬಳಸಿ ಎರಡು ದಿಕ್ಕಿಗೆ ನಡೆಯುತ್ತಾರೆ. ಐದನೆಯ ಶತಮಾನದಲ್ಲಿ ಅಗಸ್ಟೀನ್ ಮತ್ತು ಪೆಲಾಜಿಯಸರ ನಡುವೆ, ಹದಿನಾರನೆಯ ಶತಮಾನದಲ್ಲಿ ಲೂಥರ್ ಮತ್ತು ರೋಮಿನ ನಡುವೆ ಇದೇ ಜಗಳ ಮರುಕಳಿಸಿತು. ಲೂಥರನು ತನ್ನ ಜರ್ಮನ್ ಅನುವಾದದಲ್ಲಿ ಪೌಲನ ಮಾತಿಗೆ ಮೂಲದಲ್ಲಿಲ್ಲದ ‘ಮಾತ್ರ’ ಎಂಬರ್ಥದ ಪದವೊಂದನ್ನು ಸೇರಿಸಿದನು. ೧೫೨೨ರ ಮುನ್ನುಡಿಯಲ್ಲಿ ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿದನು. ೧೫೪೭ರಲ್ಲಿ ಟ್ರೆಂಟ್ ಮಹಾಸಭೆಯು ‘ನಂಬಿಕೆ ಮಾತ್ರ’ ಎಂಬ ಸೂತ್ರವನ್ನು ತಿರಸ್ಕರಿಸಿ, ಕೃಪೆಯೇ ಮೊದಲಾದರೂ ಮನುಷ್ಯನು ಅದರೊಡನೆ ಸಹಕರಿಸಬೇಕೆಂದು ವಿಧಿಸಿತು. ಒಂದು ಧರ್ಮ ಎರಡು ಹೋಳಾದದ್ದರಲ್ಲಿ ಅನುವಾದಕನ ಒಂದು ಪದಕ್ಕೂ ಪಾಲಿತ್ತೆಂಬ ಸಂಗತಿ ಭಾಷಾಭ್ಯಾಸಿಗಳಿಗೆ ಮುಖ್ಯವಾಗಬೇಕು.

೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಈ ಲೂಥರನ ಪರಂಪರೆಗೆ ಸೇರಿದುದಾದರೂ ಅದರ ಜೀವಾಳ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥ. ಸಿದ್ಧಾಂತವನ್ನು ಒಪ್ಪಿದರೆ ಸಾಲದು, ಹೃದಯ ಬದಲಾಗಬೇಕು, ಬದಲಾದ ಹೃದಯ ದಿನನಿತ್ಯದ ಬದುಕಿನಲ್ಲಿ ಕಾಣಬೇಕು ಎಂಬುದು ಆ ಪಂಥದ ನಿಲುವು. ಆದ್ದರಿಂದ ೧೮೩೪ರಲ್ಲಿ ಮಂಗಳೂರಿಗೂ, ೧೮೩೭ರಲ್ಲಿ ಧಾರವಾಡಕ್ಕೂ, ೧೮೩೯ರಲ್ಲಿ ಹುಬ್ಬಳ್ಳಿಗೂ ಬಂದ ಮಿಶನರಿಗಳು ಬಾಯಲ್ಲಿ ‘ನಂಬಿಕೆ ಮಾತ್ರ’ ಎಂದರೂ ಕಣ್ಣಿನಲ್ಲಿ ನಡತೆಯನ್ನೇ ಅಳೆಯುವವರಾಗಿದ್ದರು. ಈ ಒಳವಿರೋಧವನ್ನು ಅರಿಯದೆ ಧಾರವಾಡ ಸೀಮೆಯ ಮಿಶನ್ ಚರಿತ್ರೆಯನ್ನು ಬರೆಯಲಾಗದು.

ಅವರು ಬಂದ ನೆಲವೂ ಈ ಪ್ರಶ್ನೆಗೆ ಹೊಸದಾಗಿರಲಿಲ್ಲ. ಮುಕ್ತಿಗೆ ವಿಷ್ಣುವಿನ ಪ್ರಸಾದವೇ ಬೇಕೆಂದ ಮಾಧ್ವ ಸಿದ್ಧಾಂತ, ಮರಿಯನ್ನು ತಾಯಿಬೆಕ್ಕೇ ಕಚ್ಚಿ ಒಯ್ಯುವುದೋ, ಮರಿಯೇ ತಾಯಿಕೋತಿಯನ್ನು ಬಿಗಿದಪ್ಪಬೇಕೋ ಎಂದು ಎರಡು ಕವಲಾದ ಶ್ರೀವೈಷ್ಣವರ ಮಾರ್ಜಾರ-ಮರ್ಕಟ ನ್ಯಾಯಗಳು ಕನ್ನಡ ನಾಡಿಗೆ ಪರಿಚಿತವಾಗಿದ್ದವು. ಇನ್ನು ಹುಬ್ಬಳ್ಳಿ-ಧಾರವಾಡದ ಬಹುಜನರ ವೀರಶೈವ ಪರಂಪರೆಯಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು, ‘ಪ್ರಸಾದಿ’ ಎಂಬುದು ಷಟ್‍ಸ್ಥಲಗಳಲ್ಲಿ ಮೂರನೆಯದು. ಅದರ ಜೊತೆಗೇ ಪಂಚಾಚಾರದ ಕಟ್ಟೂ ಇದೆ, ನುಡಿದಂತೆ ನಡೆಯಬೇಕೆಂಬ ನಿಷ್ಠುರವೂ ಇದೆ. ಅಂದರೆ ಕೃಪೆ, ಪ್ರಸಾದ, ಭಕ್ತಿ, ಕ್ರಿಯೆ, ಆಚಾರ, ನೇಮ ಇವು ಅನುವಾದಕರು ಬರಿದಾಗಿ ಎತ್ತಿಕೊಳ್ಳಬಹುದಾದ ಪಾತ್ರೆಗಳಾಗಿರಲಿಲ್ಲ. ಪ್ರತಿಯೊಂದರಲ್ಲಿಯೂ ಹಿಂದಿನ ವಾಗ್ವಾದದ ರಸ ತುಂಬಿತ್ತು.

ಕನ್ನಡ ಬೈಬಲ್ಲಿನ ಕೆಲಸವನ್ನು ಮೊದಲು ಕೈಗೊಂಡವನು ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್. ಮುಂದೆ ವೈಗ್ಲೆ ಮೊದಲಾದ ಬಾಸೆಲ್ ಮಿಶನರಿಗಳೂ ಪರಿಷ್ಕರಣದಲ್ಲಿ ತೊಡಗಿದರು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಇಂದಿಗೂ ಓದುವ ‘ಸತ್ಯವೇದ’ದ ಹಳೆಯ ಅನುವಾದವು ಹೀಗೆ ಹಲವು ತಲೆಮಾರುಗಳ ದುಡಿಮೆಯ ಫಲ. ಅದರಲ್ಲಿ ಒಂದು ಗಮನಾರ್ಹ ಸಂಗತಿಯಿದೆ. ಗ್ರೀಕ್ ಮೂಲದಲ್ಲಿ ಪೌಲನೂ ಯಾಕೋಬನೂ ‘ಎರ್ಗಾ’ ಎಂಬ ಒಂದೇ ಪದವನ್ನು ಬಳಸುತ್ತಾರೆ. ಕೆಲಸ, ಕಾರ್ಯ ಎಂಬುದು ಅದರ ನೇರವಾದ ಅರ್ಥ. ಕನ್ನಡದಲ್ಲಿ ಅದು ಮೂರು ಪದಗಳಾಗಿ ಒಡೆಯುತ್ತದೆ. ಪೌಲನು ಧರ್ಮಶಾಸ್ತ್ರದ ಕಾರ್ಯಗಳನ್ನು ನಿರಾಕರಿಸುವಲ್ಲಿ ಅದು ‘ನೇಮನಿಷ್ಠೆ’. ಕೃಪೆಗೆ ಎದುರಾಗಿ ಮನುಷ್ಯನ ಗಳಿಕೆಯನ್ನು ನಿರಾಕರಿಸುವಲ್ಲಿ, ಉದಾಹರಣೆಗೆ ಎಫೆಸದವರಿಗೆ ಬರೆದ ಪತ್ರದಲ್ಲಿ, ಅದು ‘ಪುಣ್ಯಕ್ರಿಯೆ’. ಯಾಕೋಬನು ಬೇಕೇಬೇಕೆಂದು ಹೇಳುವಲ್ಲಿ ಅದು ಬರಿಯ ‘ಕ್ರಿಯೆ’.

ಇದರ ಪರಿಣಾಮವನ್ನು ಯೋಚಿಸಬೇಕು. ಗ್ರೀಕ್ ಓದುಗನ ಕಣ್ಣಿಗೆ ಬೀಳುವ ವಿರೋಧ ಕನ್ನಡ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ. ಒಬ್ಬನು ನೇಮನಿಷ್ಠೆ ಬೇಡವೆನ್ನುತ್ತಾನೆ, ಇನ್ನೊಬ್ಬನು ಕ್ರಿಯೆ ಬೇಕೆನ್ನುತ್ತಾನೆ, ಇವರಲ್ಲಿ ಜಗಳವೆಲ್ಲಿ? ಯುರೋಪಿನಲ್ಲಿ ಸಾವಿರಾರು ಪುಟಗಳ ವ್ಯಾಖ್ಯಾನ ಬೇಡಿದ ಸಮನ್ವಯವನ್ನು ಕನ್ನಡ ಅನುವಾದವು ಎರಡು ಪದಗಳಿಂದ ಸಾಧಿಸಿತು. ಇದನ್ನು ಅನುವಾದಕರ ಜಾಣ್ಮೆ ಎನ್ನಬಹುದು. ಮೂಲದ ಬಿಕ್ಕಟ್ಟನ್ನು ಮುಚ್ಚಿಟ್ಟ ತಪ್ಪು ಎಂದೂ ಹೇಳಬಹುದು. ಆದರೆ ಅದು ಒಂದು ವ್ಯಾಖ್ಯಾನವೆಂಬುದನ್ನು ಅಲ್ಲಗಳೆಯಲಾಗದು.

ಕುತೂಹಲದ ಸಂಗತಿಯೆಂದರೆ, ಈ ವ್ಯಾಖ್ಯಾನ ಇತ್ತೀಚಿನ ಪೌಲ ಅಧ್ಯಯನಗಳಿಗೆ ಹತ್ತಿರವಾಗಿದೆ. ೧೯೭೭ರಲ್ಲಿ ಇ.ಪಿ. ಸ್ಯಾಂಡರ್ಸ್ ಅವರ ಗ್ರಂಥ ಪ್ರಕಟವಾದ ಮೇಲೆ, ಯೆಹೂದ್ಯ ಧರ್ಮವೆಂದರೆ ಪುಣ್ಯ ಗಳಿಸಿ ಸ್ವರ್ಗ ಕೊಳ್ಳುವ ವ್ಯವಹಾರವೆಂಬ ಹಳೆಯ ಚಿತ್ರ ಸಡಿಲವಾಯಿತು. ಪೌಲನು ವಿರೋಧಿಸಿದ್ದು ನೀತಿಯ ನಡತೆಯನ್ನಲ್ಲ, ಸುನ್ನತಿ, ಆಹಾರ ನಿಯಮ, ಸಬ್ಬತ್ತು ಮುಂತಾದ, ತಮ್ಮವರು-ಅನ್ಯರು ಎಂದು ಬೇರ್ಪಡಿಸುವ ಆಚರಣೆಗಳನ್ನು ಎಂದು ಜೇಮ್ಸ್ ಡನ್ ಮೊದಲಾದವರು ವಾದಿಸಿದರು. ‘ನೇಮನಿಷ್ಠೆ’ ಎಂಬ ಕನ್ನಡ ಪದ ಹೇಳುವುದೂ ಬಹುಪಾಲು ಇದನ್ನೇ.

ಆದರೆ ಅದೇ ಪದದಲ್ಲಿ ಅಪಾಯವೂ ಇದೆ. ಧಾರವಾಡದ ಪೇಟೆಯಲ್ಲಿ ನಿಂತು ಕೇಳುವವನಿಗೆ ‘ಧರ್ಮಶಾಸ್ತ್ರ’ವೆಂದರೆ ಮೋಶೆಯ ಶಾಸನವಲ್ಲ, ಸ್ಮೃತಿಗಳು, ‘ನೇಮನಿಷ್ಠೆ’ಯೆಂದರೆ ಸುನ್ನತಿಯಲ್ಲ, ನೆರೆಮನೆಯವರ ಮಡಿ, ಉಪವಾಸ, ಲಿಂಗಪೂಜೆ. ಒಂದನೆಯ ಶತಮಾನದಲ್ಲಿ ಒಂದು ಸಮುದಾಯದ ಒಳಗೆ ನಡೆದ ಚರ್ಚೆ ಹತ್ತೊಂಬತ್ತನೆಯ ಶತಮಾನದ ಕನ್ನಡದಲ್ಲಿ ಇನ್ನೊಂದು ಸಮುದಾಯದ ಮೇಲಿನ ಖಂಡನೆಯಾಗಿ ಕೇಳಿಸಿತು. ಮತಾಂತರದ ಕಹಿಯನ್ನು ವಿವೇಚಿಸುವವರು ಮಿಶನರಿಗಳ ಉದ್ದೇಶಗಳನ್ನು ಹುಡುಕುತ್ತಾರೆ. ಈ ಎರಡು ಪದಗಳ ಪಾಲನ್ನೂ ಹುಡುಕಬೇಕು.

ಎರಡನೆಯ ಪದ ‘ನೀತಿವಂತ’. ಹಳೆಯ ಅನುವಾದದಲ್ಲಿ ಮನುಷ್ಯನು ನೀತಿವಂತನಾಗುವುದಿಲ್ಲ, ನೀತಿವಂತನೆಂದು ‘ನಿರ್ಣಯಿಸಲ್ಪಡುತ್ತಾನೆ’. ಕನ್ನಡಕ್ಕೆ ಅಷ್ಟಾಗಿ ಒಗ್ಗದ ಈ ಕರ್ಮಣಿ ಪ್ರಯೋಗವನ್ನು ಮಿಶನರಿ ಕನ್ನಡದ ಕೃತಕತೆಯೆಂದು ನಗೆಯಾಡುವುದು ಸುಲಭ. ಆದರೆ ಅಲ್ಲಿ ವ್ಯಾಕರಣವೇ ಸಿದ್ಧಾಂತವಾಗಿದೆ. ದೇವರು ನ್ಯಾಯಾಧೀಶ, ಮನುಷ್ಯ ಆರೋಪಿ. ತಪ್ಪಿತಸ್ಥನನ್ನೇ ನಿರ್ದೋಷಿಯೆಂದು ಸಾರುವ ತೀರ್ಪೇ ಕೃಪೆ ಎಂಬುದು ಪ್ರೊಟೆಸ್ಟಂಟ್ ನಿಲುವು. ಕರ್ತೃವಿನ ಪಾತ್ರ ಮನುಷ್ಯನಿಗೆ ಸಿಗಬಾರದೆಂಬ ಎಚ್ಚರವೇ ಆ ‘ಅಲ್ಪಡು’ ಪ್ರತ್ಯಯದಲ್ಲಿದೆ. ಇದಕ್ಕೆ ಪ್ರತಿಯಾಗಿ, ಕಥೋಲಿಕರೂ ಪ್ರೊಟೆಸ್ಟಂಟರೂ ಒಟ್ಟಿಗೆ ಬಳಸಬಹುದಾದ ಈಚಿನ ಸರಳ ಅನುವಾದವು ಅದೇ ಸ್ಥಳದಲ್ಲಿ ದೇವರೊಡನೆ ‘ಸತ್ಸಂಬಂಧ’ ಎಂಬ ಪದವನ್ನು ತಂದಿದೆ. ಅಲ್ಲಿ ನ್ಯಾಯಾಲಯ ಮರೆಯಾಗಿ ಮನೆತನ ಕಾಣುತ್ತದೆ. ‘ನಂಬಿಕೆ’ ‘ವಿಶ್ವಾಸ’ವಾಗಿದೆ, ‘ರಕ್ಷಣೆ’ ‘ಉದ್ಧಾರ’ವಾಗಿದೆ. ಭಾಷೆ ಸರಳವಾಯಿತೆಂದು ಮಾತ್ರ ಹೇಳಿ ಇದನ್ನು ಮುಗಿಸಲಾಗದು. ಒಂದು ರೂಪಕದ ಜಾಗದಲ್ಲಿ ಇನ್ನೊಂದು ರೂಪಕ ಬಂದು ಕುಳಿತಿದೆ.

ಮೂರನೆಯದು ಕೃಪೆಯನ್ನು ಸೂಚಿಸುವ ಪದ. ಗ್ರೀಕಿನ ‘ಖಾರಿಸ್’ ಎಂಬುದಕ್ಕೆ ಪ್ರೊಟೆಸ್ಟಂಟರು ‘ಕೃಪೆ’ಯನ್ನು ಆಯ್ದರು, ಕಥೋಲಿಕರ ಪ್ರಾರ್ಥನೆಗಳಲ್ಲಿ ‘ವರಪ್ರಸಾದ’ ನೆಲೆನಿಂತಿತು. ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಯನ್ನು ಕಥೋಲಿಕರು ‘ಪರಮಪ್ರಸಾದ’ವೆಂದರೆ ಪ್ರೊಟೆಸ್ಟಂಟರು ‘ಕರ್ತನ ಭೋಜನ’ವೆನ್ನುತ್ತಾರೆ. ಪ್ರಸಾದವೆಂಬುದು ಕನ್ನಡಿಗರಿಗೆ ಕೈಯಿಂದ ಕೈಗೆ ದಾಟುವ ವಸ್ತು. ಗುಡಿಯಲ್ಲಿಯೋ ಮಠದಲ್ಲಿಯೋ ಒಬ್ಬನು ಕೊಡುತ್ತಾನೆ, ಇನ್ನೊಬ್ಬನು ಕಣ್ಣಿಗೊತ್ತಿಕೊಂಡು ತಿನ್ನುತ್ತಾನೆ. ಸಂಸ್ಕಾರಗಳ ಮೂಲಕ ಕೃಪೆ ಒದಗುತ್ತದೆಂದು ನಂಬುವ ಸಭೆಗೆ ಈ ಪದ ಸಹಜವಾಗಿ ಒಪ್ಪಿತು. ಮಧ್ಯವರ್ತಿ ಬೇಡವೆಂದ ಸಭೆ ಅದರಿಂದ ದೂರ ಉಳಿದುದಕ್ಕೂ ಇದೇ ಕಾರಣವಿರಬೇಕು. ಆದರೆ ದೂರ ಉಳಿದುದರಿಂದ ಪ್ರಸಾದಿಸ್ಥಲದ ನಾಡಿನಲ್ಲಿ ಸಹಜವಾಗಿ ಸಾಗಬಹುದಾಗಿದ್ದ ಒಂದು ಸಂವಾದದ ಬಾಗಿಲೂ ಮುಚ್ಚಿತು ಎನ್ನಬೇಕಾಗುತ್ತದೆ.

ನಾಲ್ಕನೆಯದೂ ಮುಖ್ಯವಾದುದೂ ‘ನಂಬಿಕೆ’. ಇದು ಅಚ್ಚಗನ್ನಡದ ಪದ. ಧಾರವಾಡ ಸೀಮೆಯ ಬಳಕೆಯಲ್ಲಿ ಇದು ಎರಡು ಕಡೆಗೂ ಹರಿಯುತ್ತದೆ. ಒಬ್ಬನು ಇನ್ನೊಬ್ಬನ ಮೇಲೆ ಇಡುವುದೂ ನಂಬಿಕೆ, ಆ ಇನ್ನೊಬ್ಬನು ತನ್ನ ನಡತೆಯಿಂದ ಉಳಿಸಿಕೊಳ್ಳುವುದೂ ನಂಬಿಕೆ. ‘ನಂಬಿಕೆಯ ಆಳು’ ಎಂದರೆ ನಂಬುವ ಆಳಲ್ಲ, ನಂಬಿಸಿಕೊಳ್ಳಲು ಯೋಗ್ಯನಾದ ಆಳು. ಗ್ರೀಕಿನ ‘ಪಿಸ್ಟಿಸ್’ ಎಂಬ ಪದಕ್ಕೂ ಭರವಸೆ ಮತ್ತು ನಿಷ್ಠೆ ಎಂಬ ಎರಡು ಮುಖಗಳಿವೆ. ಸತ್ಯವೇದದ ಅನುವಾದಕರು ಧಣಿಯ ಹಣವನ್ನು ಪ್ರಾಮಾಣಿಕವಾಗಿ ದುಡಿಸಿದ ಸೇವಕನ ಸಾಮತಿಯಲ್ಲಿ ‘ನಂಬಿಗಸ್ತ’ ಎಂಬ ಪದವನ್ನು ಬಳಸಿದಾಗ, ನಂಬಿಕೆ ಮತ್ತು ನಡತೆಯ ನಡುವೆ ಸಿದ್ಧಾಂತಿಗಳು ಎಳೆದ ಗೆರೆಯನ್ನು ಕನ್ನಡ ತಾನಾಗಿಯೇ ಅಳಿಸಿತು. ನಡತೆ ಬೇಡದ ನಂಬಿಕೆ ಎಂಬ ಮಾತು ಕನ್ನಡದಲ್ಲಿ ಪೂರ್ಣವಾಗಿ ನಿಲ್ಲಲಾರದು, ಅದರ ಪದಮೂಲವೇ ಅದಕ್ಕೆ ಎದುರಾಡುತ್ತದೆ. ಯಾಕೋಬನ ವಾದ ಕನ್ನಡ ಸಭೆಗಳಲ್ಲಿ ಎಂದೂ ಹುಲ್ಲಾಗದೆ ಉಳಿದುದಕ್ಕೆ ಭಕ್ತಿಪಂಥದ ಪ್ರಭಾವದಷ್ಟೇ ಈ ಪದದ ಬಲವೂ ಕಾರಣವೆನ್ನಬಹುದು.

ಪದಗಳಲ್ಲಿ ಹೀಗೆ ಬೆರೆತದ್ದು ಬದುಕಿನಲ್ಲಿ ಅಷ್ಟು ಹಿತವಾಗಿ ಬೆರೆಯಲಿಲ್ಲ. ೧೮೪೦ರ ಆಸುಪಾಸಿನಲ್ಲಿ ಹುಬ್ಬಳ್ಳಿಯ ಮಿಶನರಿಗಳ ಬಳಿಗೆ ಕಾಲಜ್ಞಾನದವರೆಂದು ಹೆಸರಾದ ಪಂಥದ ಜನ ಬಂದರು. ಕಾಲಜ್ಞಾನದ ನುಡಿಗಳನ್ನು ನಂಬಿ, ಚನ್ನಬಸವಣ್ಣನ ಮರಳುವಿಕೆಯನ್ನು ನಿರೀಕ್ಷಿಸುತ್ತಿದ್ದ ಅವರು ಮಿಶನರಿಗಳ ಬೋಧೆಯಲ್ಲಿ ತಮ್ಮ ನಿರೀಕ್ಷೆಯ ಗುರುತುಗಳನ್ನು ಕಂಡರು. ದೊಡ್ಡದೊಂದು ಸಮುದಾಯವೇ ಬರುವುದೆಂದು ಮಿಶನರಿಗಳು ಆಶಿಸಿದರು. ೧೮೪೧ರಲ್ಲಿ ಗದಗಿನ ಸಮೀಪದ ಮಲಸಮುದ್ರದಲ್ಲಿ ಹೊಸ ಕ್ರೈಸ್ತರಿಗಾಗಿ ಕೃಷಿ ವಸಾಹತಿನ ಏರ್ಪಾಡೂ ಆಯಿತು. ಆದರೆ ನಿರೀಕ್ಷಿಸಿದ ಸಮೂಹ ಬರಲಿಲ್ಲ. ಈ ವೈಫಲ್ಯವನ್ನು ಪರಸ್ಪರ ತಪ್ಪು ತಿಳಿವಳಿಕೆಯೆಂದು ಹೇಳಿ ಬಿಡುವುದು ವಾಡಿಕೆ. ಕೃಪೆಯ ವಾಗ್ವಾದದ ಬೆಳಕಿನಲ್ಲಿ ನೋಡಿದರೆ ಬೇರೊಂದು ಕಾರಣವೂ ಕಾಣುತ್ತದೆ. ಬಂದವರ ನಂಬಿಕೆ ಸಾಮೂಹಿಕವಾದದ್ದು, ಕಾಲ ಕೂಡಿಬಂದಾಗ ಎಲ್ಲರನ್ನೂ ಎತ್ತಿಕೊಳ್ಳುವ ದೈವಕೃಪೆಯನ್ನು ಕುರಿತದ್ದು. ಮಿಶನರಿಗಳು ಕೇಳಿದ್ದು ಒಬ್ಬೊಬ್ಬನ ಪಶ್ಚಾತ್ತಾಪವನ್ನು, ಒಬ್ಬೊಬ್ಬನ ಬದಲಾದ ನಡತೆಯನ್ನು. ಕೃಪೆ ಉಚಿತವೆಂದು ಸಾರಿದವರೇ ಅದರ ಬಾಗಿಲಲ್ಲಿ ಪರೀಕ್ಷೆಯನ್ನು ಇಟ್ಟಿದ್ದರು.

ಈ ಪರೀಕ್ಷೆ ಬಾಗಿಲಿಗೆ ಮುಗಿಯಲಿಲ್ಲ. ದೀಕ್ಷಾಸ್ನಾನಕ್ಕೆ ಮುಂಚಿನ ಬೋಧೆ, ಸಭಾಹಿರಿಯರ ವಿಚಾರಣೆ, ತಪ್ಪಿದವರನ್ನು ಕರ್ತನ ಭೋಜನದಿಂದ ದೂರವಿರಿಸುವ ಶಿಕ್ಷೆ ಇವು ಬಾಸೆಲ್ ಮಿಶನ್ ಸಭೆಗಳ ನಿತ್ಯಕ್ರಮವಾಗಿದ್ದವು. ಮಿಶನರಿಗಳ ಸಮರ್ಥನೆ ತಿಳಿದದ್ದೇ: ಸತ್ಕಾರ್ಯ ರಕ್ಷಣೆಯ ಬೇರಲ್ಲ, ಅದರ ಹಣ್ಣು, ಹಣ್ಣಿಲ್ಲದ ಮರವನ್ನು ತೋಟಗಾರ ವಿಚಾರಿಸಬೇಕಾಗುತ್ತದೆ. ತರ್ಕವಾಗಿ ಇದು ಸರಿಯಾದದ್ದು, ಲೂಥರನ ಮಾತಿಗೆ ವಿರೋಧವೂ ಅಲ್ಲ. ಆದರೆ ಹಣ್ಣನ್ನು ಎಣಿಸುವವರು ಯಾರು? ಜಾತಿಯಿಂದ ಹೊರಬಿದ್ದ ಕುಟುಂಬಕ್ಕೆ ಹೊಲ, ಮಗ್ಗ, ಶಾಲೆ, ಮನೆಗಳನ್ನು ಒದಗಿಸುವ ಕೈಯೂ ಅದೇ ಆಗಿದ್ದಾಗ, ಬೇರು-ಹಣ್ಣುಗಳ ಭೇದ ಆ ಕುಟುಂಬಕ್ಕೆ ಉಳಿಯುವುದು ಕಷ್ಟ. ಸಭಾಶಿಕ್ಷೆಗೆ ಒಳಗಾದವನು ಕಳೆದುಕೊಳ್ಳುವುದು ಭೋಜನದ ಪಂಕ್ತಿಯೊಂದನ್ನೇ ಅಲ್ಲ. ಅಂಥವನ ಪಾಲಿಗೆ ‘ನೇಮನಿಷ್ಠೆ’ ಬೇರೆ ಹೆಸರಿನಲ್ಲಿ ಮರಳಿ ಬಂದಿತ್ತು. ಅನುಮಾನದ ನೆಲೆಯ ವಿಮರ್ಶಕರು ಇದನ್ನು ಅಧಿಕಾರವೆಂದು ಗುರುತಿಸುವುದು ತಪ್ಪಲ್ಲ. ಆದರೆ ಆ ಅಧಿಕಾರವನ್ನು ಪ್ರಶ್ನಿಸುವ ಮಾತೂ ಅದೇ ಗ್ರಂಥದಲ್ಲಿ, ಕನ್ನಡದಲ್ಲಿ, ಆ ಕುಟುಂಬದ ಕೈಯಲ್ಲಿಯೇ ಇತ್ತೆಂಬುದನ್ನು ಅವರು ನೋಡಲಿಲ್ಲ. ಕೃಪೆಯಿಂದಲೇ ಎಂದು ಓದಬಲ್ಲವನು ಧಣಿಯ ಮೆಚ್ಚುಗೆಯಿಂದಲ್ಲ ಎಂದೂ ಓದಬಲ್ಲ.

ಇದಕ್ಕೆ ವಿರುದ್ಧವಾದ ಕೊರತೆಯೂ ಇದೆ. ನಡತೆಯನ್ನು ಕೇಳದ ಕೃಪೆ ಅಗ್ಗದ ಕೃಪೆಯೆಂದು ಬೋನ್‍ಹಾಫರ್ ೧೯೩೭ರಲ್ಲಿ, ನಾಜಿ ಜರ್ಮನಿಯ ಸಭೆಗಳು ಮೌನವಾಗಿದ್ದ ಹೊತ್ತಿನಲ್ಲಿ, ಎಚ್ಚರಿಸಿದರು. ‘ರಕ್ಷಣೆ ಹೊಂದಿದವರು’ ಎಂಬ ಮಾತು ಜೀವನದ ಪರಿವರ್ತನೆಯನ್ನು ಸೂಚಿಸದೆ ಕೇವಲ ಗುಂಪಿನ ಗುರುತಾದರೆ, ಸಭೆಯೊಳಗೆ ಜಾತಿಭೇದವನ್ನು ಉಳಿಸಿಕೊಂಡೂ ನಂಬಿಕೆಯ ಹೆಸರು ಹೇಳಬಹುದಾಗುತ್ತದೆ. ಯಾಕೋಬನ ಪತ್ರವು ಶ್ರೀಮಂತನಿಗೆ ಪೀಠ ಹಾಕಿ ಬಡವನನ್ನು ಕಾಲಬಳಿ ಕೂರಿಸುವ ಸಭೆಯನ್ನು ಖಂಡಿಸಿದ ಮೇಲೆಯೇ ಕ್ರಿಯೆಯ ಮಾತನ್ನು ಎತ್ತುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಕೃಪೆಯೋ ಕ್ರಿಯೆಯೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಹೇಳುವವರು ಯಾರ ಎದುರಿಗೆ ನಿಂತು ಹೇಳುತ್ತಿದ್ದಾರೆಂಬುದನ್ನು ಮೊದಲು ಕೇಳಬೇಕು. ಆಶ್ರಿತನ ಎದುರಿಗೆ ಕೃಪೆಯನ್ನೂ, ಅಧಿಕಾರಸ್ಥನ ಎದುರಿಗೆ ಕ್ರಿಯೆಯನ್ನೂ ಒತ್ತಿ ಹೇಳುವುದೇ ನ್ಯಾಯ. ಚರಿತ್ರೆಯಲ್ಲಿ ಇದು ಅನೇಕ ವೇಳೆ ತಿರುವುಮುರುವಾಯಿತು.

೧೯೯೯ರ ಅಕ್ಟೋಬರ್ ೩೧ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ಜಾಗತಿಕ ಒಕ್ಕೂಟ ಮತ್ತು ಕಥೋಲಿಕ ಸಭೆ ಈ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು. ೨೦೦೬ರಲ್ಲಿ ಮೆಥಡಿಸ್ಟರೂ ೨೦೧೭ರಲ್ಲಿ ರಿಫಾರ್ಮ್ಡ್ ಸಭೆಗಳೂ ಅದಕ್ಕೆ ಸೇರಿದವು. ಸ್ವೀಕಾರ ಕೃಪೆಯಿಂದ, ಸತ್ಕಾರ್ಯ ಅದರ ಫಲ ಎಂಬಷ್ಟಕ್ಕೆ ಈಗ ಹೆಚ್ಚಿನ ಭಿನ್ನಮತವಿಲ್ಲ. ಆದರೆ ಹುಬ್ಬಳ್ಳಿಯ ಒಂದು ಸಭೆಯಲ್ಲಿ ‘ನಂಬಿಕೆ’ಯೂ ಇನ್ನೊಂದರಲ್ಲಿ ‘ವಿಶ್ವಾಸ’ವೂ, ಒಂದರಲ್ಲಿ ‘ಕೃಪೆ’ಯೂ ಇನ್ನೊಂದರಲ್ಲಿ ‘ವರಪ್ರಸಾದ’ವೂ ಹಾಗೆಯೇ ಉಳಿದಿವೆ. ಒಪ್ಪಂದಗಳಿಗಿಂತ ಪದಗಳ ಆಯುಷ್ಯ ಹೆಚ್ಚು.

ಇಲ್ಲಿಯೇ ಕನ್ನಡ ವಿಭಾಗಗಳ ಹೊಣೆ ಆರಂಭವಾಗುತ್ತದೆ. ಕಿಟೆಲ್ಲರ ನಿಘಂಟನ್ನು ಪೂಜಿಸಿ ಸತ್ಯವೇದದ ಗದ್ಯವನ್ನು ಪಠ್ಯವೆಂದು ಪರಿಗಣಿಸದಿರುವುದು ಸಂಶೋಧನೆಯ ನ್ಯಾಯವಲ್ಲ. ಅದು ಮತಗ್ರಂಥ, ಅದರ ಗದ್ಯ ಪ್ರಚಾರಗದ್ಯ ಎಂಬ ಆಕ್ಷೇಪವಿದೆ. ಆದರೆ ಜೈನ ಪುರಾಣಗಳೂ ವಚನಗಳೂ ಕೀರ್ತನೆಗಳೂ ಮತದಿಂದ ಹುಟ್ಟಿದವೇ. ಅವುಗಳ ತತ್ತ್ವವನ್ನು ಬಿಟ್ಟು ಭಾಷೆಯನ್ನಷ್ಟೇ ಓದಬೇಕೆಂದು ಯಾವ ಅಧ್ಯಾಪಕನೂ ಹೇಳಲಾರ. ಹಳೆಯ ಮತ್ತು ಈಚಿನ ಅನುವಾದಗಳ ಪಾರಿಭಾಷಿಕ ಪದಗಳ ತೌಲನಿಕ ಕೋಶವೊಂದು, ಮಿಶನ್ ಕರಪತ್ರಗಳ ಗದ್ಯವನ್ನು ಅದರ ಸಿದ್ಧಾಂತದೊಡನೆ ಓದುವ ಅಧ್ಯಯನ, ಪ್ರಸಾದ ಮತ್ತು ಕೃಪೆಯ ಪರಿಕಲ್ಪನೆಗಳನ್ನು ಷಟ್‍ಸ್ಥಲ ಶಾಸ್ತ್ರದ ಎದುರಿಗಿಟ್ಟು ನೋಡುವ ಚರ್ಚೆ ಇವು ಧಾರವಾಡದಲ್ಲಿ ಆಗಬೇಕಾದ ಕೆಲಸಗಳು. ಬಾಸೆಲ್ ಮಿಶನ್ ಶಾಲೆಯೂ, ಕಿಟೆಲ್ ಹೆಸರಿನ ಕಾಲೇಜೂ, ಮುರುಘಾಮಠವೂ ಒಂದೇ ಊರಿನಲ್ಲಿರುವಾಗ ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

ಕ್ರೈಸ್ತರ ಈ ವಾಗ್ವಾದ ಕನ್ನಡಕ್ಕೆ ಬಂದಾಗ ಕನ್ನಡ ಅದನ್ನು ಸುಮ್ಮನೆ ಹೊತ್ತುಕೊಳ್ಳಲಿಲ್ಲ. ಒಂದು ಪದವನ್ನು ಮೂರಾಗಿ ಒಡೆದು, ಎರಡು ಅರ್ಥಗಳನ್ನು ಒಂದರಲ್ಲಿ ಬೆಸೆದು, ಕೆಲವೆಡೆ ಹೊಸ ಗಾಯವನ್ನೂ ಮಾಡಿ ತನ್ನದೇ ಉತ್ತರವನ್ನು ಕೊಟ್ಟಿತು. ನಂಬಿದವನು ನಂಬಿಗಸ್ತನೂ ಆಗಿರಬೇಕೆಂಬುದು ಆ ಉತ್ತರದ ಸಾರ. ಅದನ್ನು ನಂಬುವವರಿಗೆ ಮಾತ್ರವಲ್ಲದೆ ನಂಬಿಸುವವರಿಗೂ ಅನ್ವಯಿಸಿ ಓದಿದಾಗಲೇ ಧಾರವಾಡ ಸೀಮೆಯ ಮಿಶನ್ ಚರಿತ್ರೆ ಕೃತಜ್ಞತೆ ಮತ್ತು ಅನುಮಾನಗಳೆರಡನ್ನೂ ದಾಟಿ ವಿಮರ್ಶೆಯ ನೆಲೆಗೆ ಬರುತ್ತದೆ.